ಜೋಡಿ ಗಿಣಿ ಛಾಪು

ಶಿವಲಿಂಗಪ್ಪ, ನಾನು ನಿನಗೆ ಸುಳ್ಳು ಪಾಠ ಹೇಳಿದೆ. ಗೊತ್ತಿಲ್ಲದೆ ಹೇಳಿದ್ದಲ್ಲ, ಮರೆತು ಹೇಳಿದ್ದಲ್ಲ — ಸರಿಯಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ ಬೇರೆಯದನ್ನು ಹೇಳಿದೆ. ಅದರಿಂದ ಕಮಲಾಪುರದ ನಿಮ್ಮಪ್ಪನ ತೋಟದ ಹೆಸರು ಕೆಟ್ಟಿತು. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು ನೋಡು! ಕಕ್ಷಿದಾರರ ಪರವಾಗಿ ಗಂಟೆಗಟ್ಟಲೆ ಮಾತಾಡುವ ಬಾಯಿ ಇದು.

ಆಗ ಕಲಬುರಗಿಯಲ್ಲಿ ವಕೀಲಿ ಪರೀಕ್ಷೆಗೆ ಕೂಡುವ ನಿಮ್ಮಂಥವರಿಗೆ ನಾನು ಸಂಜೆ ಪಾಠ ಹೇಳುತ್ತಿದ್ದೆ. ಊರಿನ ಸಗಟು ಪೇಟೆಯಾದ ಗಂಜ್‌ನಲ್ಲಿ ನನ್ನ ಹೆಂಡತಿಯ ಅಣ್ಣ ರಾಚಪ್ಪನ ಅಂಗಡಿ. ಅದರ ಮೇಲಿನ ಕೋಣೆಯೇ ನಮ್ಮ ತರಗತಿ. ಆಗಿನ ಹೈದರಾಬಾದ್ ಸರ್ಕಾರದ ಕಾನೂನೆಲ್ಲ ಉರ್ದುವಿನಲ್ಲಿ, ನಾನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಬೇಕು. ತರಗತಿಯ ಕಟ್ಟಳೆ ನಿನಗೆ ನೆನಪಿರಲೇಬೇಕು — ಊರಿನ ನಿಜವಾದ ಜಗಳವನ್ನು ನಿಜವಾದ ಹೆಸರಿನಲ್ಲಿ ಕೇಳಕೂಡದು. ಉರ್ದು ಕಾನೂನು ಪುಸ್ತಕಗಳಲ್ಲಿ ಉದಾಹರಣೆಗೆಂದು ಬರುವ ಇಬ್ಬರಿದ್ದಾರಲ್ಲ, ಜೈದ್ ಮತ್ತು ಬಕರ್, ಲೋಕದ ಅನ್ಯಾಯವೆಲ್ಲ ಅವರಿಬ್ಬರ ನಡುವೆಯೇ ನಡೆಯಬೇಕು. ಜೈದನ ಹೊಲವನ್ನು ಬಕರ್ ಉಳುತ್ತಾನೆ, ಜೈದನ ಎಮ್ಮೆಯನ್ನು ಬಕರ್ ಹೊಡೆದುಕೊಂಡು ಹೋಗುತ್ತಾನೆ. ಪಾಪ, ಜೈದ್! ನೀವು ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮುಂದೆ ಆಡಿ ಹೊಡೆದಾಡಬಾರದೆಂದು ನಾನೇ ಮಾಡಿದ ಕಟ್ಟಳೆ. ಅದರ ಬಗ್ಗೆ ನನಗೆ ಹೆಮ್ಮೆ ಬೇರೆ.

ಅಂದಿನ ಪಾಠ ನಿಶಾನ್-ಎ-ತಿಜಾರತ್, ಅಂದರೆ ವ್ಯಾಪಾರದ ಗುರುತು. ಮಾಲಿನ ಮೇಲೆ ಹಚ್ಚುವ ಗುರುತೂ ಆಸ್ತಿಯೇ, ಹೊಲಮನೆಯಷ್ಟೇ ಆಸ್ತಿ, ಅದನ್ನೂ ಕದಿಯುವವರಿದ್ದಾರೆ ಎಂದು ಆಗಷ್ಟೇ ವಿವರಿಸಿದ್ದೆ. ನೀನು ಎದ್ದು ನಿಂತೆ.

“ಮಾಸ್ತರ್ರ, ಜೈದ್ ಬಾಳಿಹಣ್ಣಿನ ಬುಟ್ಟಿ ಮ್ಯಾಲ ಜೋಡಿ ಗಿಣಿ ಛಾಪು ಒತ್ತಿ ಹೈದರಾಬಾದಿಗೆ ಕಳಸ್ತಾನ್ರಿ. ಅಲ್ಲಿ ಮಂದಿ ಛಾಪು ನೋಡೇ ತಗೋತಾರ. ಈಗ ಬಕರ್ ಅಂಥಾದ್ದೇ ಛಾಪು ಮಾಡಿಸ್ಕೊಂಡು ಹಲಕಾ ಮಾಲಿಗೆ ಒತ್ತಾಕತ್ಯಾನ್ರಿ. ಜೈದ್ ಕೋರ್ಟಿಗೆ ಹೋಗಬಹುದೇನ್ರಿ?”

ಜೈದ್ ಯಾರೆಂದು ಹೊಳೆಯದಿರಲು ನಾನೇನು ಕುರುಡನೇ? ಕೆಂಪು ಬಾಳೆಯ ಬುಟ್ಟಿಯ ಬಾಯಿಗೆ ಹೊಲಿದ ಗೋಣಿತಟ್ಟು, ಅದರ ಮೇಲೆ ಕಾವಿ ಬಣ್ಣದ ಜೋಡಿ ಗಿಣಿ — ಅದು ಕಮಲಾಪುರದ ಚನ್ನಬಸಪ್ಪನವರದು, ನಿಮ್ಮಪ್ಪನದು ಎಂದು ಗಂಜ್‌ನ ಹಮಾಲರಿಗೂ ಗೊತ್ತಿತ್ತು. ಬಕರ್ ಯಾರೆಂಬುದು ಮಾತ್ರ ನಿಮಗೆ ತಿಳಿದಿರಲಿಲ್ಲ. ಗಂಜ್‌ನ ಯಾವನೋ ವ್ಯಾಪಾರಿ ಎಂಬಷ್ಟೇ ಸುಳಿವು. ನನಗೆ ಗೊತ್ತಿತ್ತು. ನೀನು ನಿಂತಿದ್ದೆಯಲ್ಲ, ಆ ಕೋಣೆಯ ಕೆಳಗಿನ ಉಗ್ರಾಣದಲ್ಲೇ ರಾಚಪ್ಪ ಎಲ್ಲಿಂದಲೋ ಅಗ್ಗಕ್ಕೆ ತರಿಸಿದ ಎಳೆಗಾಯಿಗಳನ್ನು ಬುಟ್ಟಿಗೆ ತುಂಬಿಸಿ, ಹೊಸದಾಗಿ ಕೆತ್ತಿಸಿದ ಅಚ್ಚಿನಿಂದ ಗಿಣಿ ಒತ್ತಿಸುತ್ತಿದ್ದ. ನಾನು ಕಣ್ಣಾರೆ ಕಂಡಿದ್ದೆ. ಕೇಳಿದ್ದಕ್ಕೆ “ನಿಮ್ಮ ಪಾಠ ನೀವು ನೋಡ್ಕೋರಿ” ಎನ್ನಿಸಿಕೊಂಡು, ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದ್ದೆ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕೆ. ಹೌದು, ನಗುನಗುತ್ತಲೇ ಹೇಳಿದೆ —

“ಗಿಣಿ ಏನ್ ಜೈದ್‌ನ ಮನ್ಯಾಗ ಹುಟ್ಟ್ಯಾವೇನೋ? ಯಾರ್ ಬೇಕಾದ್ರೂ ಗಿಣಿ ಬರೀಬಹುದು. ಬಕರಂದು ಏನೂ ತಪ್ಪಿಲ್ಲ. ಜೈದ್ ಸುಮ್ಮ ಕೂಡೂದು ಚೊಲೊ.”

ತರಗತಿಯೆಲ್ಲ ಗೊಳ್ಳೆಂದಿತು. ನೀನು ನಗಲಿಲ್ಲ. “ಹೌದ್ರಿ” ಎಂದು ಕುಳಿತುಬಿಟ್ಟೆ.

ಅಯ್ಯೋ ಮಾರಾಯಾ, ನಿನಗಾದರೂ ಒಂದಿಷ್ಟು ಸಂಶಯ ಬರಬಾರದಿತ್ತೇ? ಈಗಷ್ಟೇ ಗುರುತು ಆಸ್ತಿ ಎಂದವನು ಈಗಲೇ ಅಲ್ಲ ಎನ್ನುತ್ತಿದ್ದಾನಲ್ಲ ಎಂದು ಜಗಳಕ್ಕೆ ನಿಲ್ಲಬಾರದಿತ್ತೇ? ವಕೀಲನಾಗಲು ಬಂದವನು ಹೀಗೆ ತಲೆಯಾಡಿಸಿದರೆ... ನೋಡು, ನೋಡು, ಮತ್ತೆ ನಿನ್ನ ಮೇಲೇ ಹೊರಿಸುತ್ತಿದ್ದೇನೆ! ಈ ಹಾಳು ಚಟ ಹೋಗುವುದೇ ಇಲ್ಲ. ನೀನು ಮಾಸ್ತರನನ್ನು ನಂಬಿದೆ, ಅಷ್ಟೇ.

ಅರ್ಜಿ ಕೊಟ್ಟು ಗಂಜ್‌ನ ಅಂಗಡಿಗಳನ್ನೆಲ್ಲ ತಪಾಸಣೆ ಮಾಡಿಸಬೇಕೆಂದು ನಿಮ್ಮಪ್ಪ ಹೊರಟುನಿಂತಿದ್ದರಂತೆ. ನೀನು ಊರಿಗೆ ಓಡಿಹೋಗಿ ತಡೆದೆ. ಕಾನೂನು ನಮ್ಮ ಕಡೆಗಿಲ್ಲ, ಮಾಸ್ತರರೇ ಹೇಳಿದ್ದಾರೆ ಎಂದೆ. ಆಮೇಲಿನದು ನಿನಗೇ ಗೊತ್ತು. ಹೈದರಾಬಾದಿನ ವ್ಯಾಪಾರಿಗಳು ಗಿಣಿ ಕಂಡರೆ ಸಾಕು, ಬುಟ್ಟಿ ಬಿಚ್ಚದೆ ಹಿಂದಕ್ಕೆ ಕಳಿಸತೊಡಗಿದರು. ನಿಮ್ಮ ಹಣ್ಣು ಯಾವುದು, ಅವನ ಕಾಯಿ ಯಾವುದು ಎಂದು ಬಿಡಿಸಿ ನೋಡುವ ಪುರುಸೊತ್ತು ಯಾರಿಗಿತ್ತು? ರಾಚಪ್ಪನಿಗೇನು, ಗಿಣಿ ಬಿಟ್ಟು ನವಿಲು ಕೆತ್ತಿಸಿದ. ನಿಮ್ಮಪ್ಪ ಬಾಳೆ ಕಿತ್ತು ಜೋಳ ಬಿತ್ತಿದರು. ನೀನು ಓದು ಬಿಟ್ಟು ಊರು ಸೇರಿದೆ.

ಕೋಣೆ ಬಿಡಬೇಕಾದೀತು, ಮನೆಯಲ್ಲಿ ಹೆಂಡತಿ ಅತ್ತು ಕರೆದಾಳು — ಅಂದು ನನ್ನ ತಲೆಯಲ್ಲಿದ್ದದ್ದು ಇಷ್ಟೇ. ನೆಪ ಹೇಳುತ್ತಿಲ್ಲ; ಎಂಥ ಕ್ಷುಲ್ಲಕ ಭಯಕ್ಕೆ ನಿನ್ನನ್ನು ಬಲಿಕೊಟ್ಟೆ ಎಂದು ನಿನಗೆ ತಿಳಿದಿರಲಿ. ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಮರುವರ್ಷ ಹೊಸಬರಿಗೆ ಅದೇ ಪಾಠ ಬಂದಾಗ ಸರಿಯಾಗಿ ಹೇಳಿದೆ. ಜೈದನ ಗುರುತು ಜೈದನದೇ, ಬಕರ್ ತಪ್ಪಿತಸ್ಥ ಎಂದೆ. ಆಮೇಲೂ ಪ್ರತಿ ಸಲ ಸರಿಯಾಗಿಯೇ ಹೇಳಿದೆ! ನಿನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಸತ್ಯ ಹಂಚಿದೆ. ಇದನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ನಿಮ್ಮಪ್ಪ ತೀರಿಕೊಂಡ ಸುದ್ದಿ ಕೇಳಿ ಕಮಲಾಪುರಕ್ಕೆ ಬಂದೆನಲ್ಲ, ಅಂದೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀನು ಬಂದವನೇ ನನ್ನ ಕಾಲು ಮುಟ್ಟಿದೆ. ನಿಮ್ಮವ್ವನನ್ನು ಕರೆದೆ.

“ಯವ್ವಾ, ಇವರೇ ನಮ್ಮ ಮಾಸ್ತರ್ರು. ಅವತ್ತ ಇವರು ಹೇಳಿದ್ದಕ್ಕ ಅಪ್ಪ ಕೋರ್ಟಿನ ಗೊಡವಿಗೆ ಹೋಗಲಿಲ್ಲ. ಇಲ್ಲಂದ್ರ ಇದ್ದ ಹೊಲಾನೂ ಹೋಗ್ತಿತ್ತು.”

ಆ ತಾಯಿ ನನಗೆ ಕೈಮುಗಿದರು. “ನಿಮ್ಮ ಉಪಕಾರ ಭಾಳ ಐತ್ರಿ ಯಪ್ಪಾ. ಇವನ ಅಪ್ಪ ಹಾಸಿಗಿ ಹಿಡದಾಗೂ ಆ ಛಾಪಿಂದೇ ಚಿಂತಿ ಮಾಡ್ತಿದ್ರು. ಕಾಯ್ದೇದಾಗ ಅದು ನಮ್ಮದಲ್ಲಂದ ಮ್ಯಾಲ ಸುಮ್ಮ ಯಾಕ ಮನಸಿಗೆ ಹಚ್ಕೋತೀರಿ ಅಂತ ನಾನೇ ಸಮಾಧಾನ ಮಾಡಿದ್ನಿ.”

ನಾನೇನು ಹೇಳಿದೆ ಗೊತ್ತೇ? “ಇರ್ಲಿ ಬಿಡ್ರಿ ತಾಯಿ” ಎಂದೆ. ದೊಡ್ಡ ಮನುಷ್ಯನ ಹಾಗೆ! ಅವರು ಕೊಟ್ಟ ನೀರು ಕುಡಿದು ಎದ್ದು ಬಂದೆ. ಸತ್ತವನ ಮನೆಯಲ್ಲಿ, ಅವನ ನೋವಿಗೆ ಕಾರಣನಾದವನೇ ಕೂತು ಉಪಕಾರ ಹೇಳಿಸಿಕೊಂಡು ಬಂದೆ.

ನಿಮ್ಮಪ್ಪನಿಗೆ ಇನ್ನು ಯಾವ ಉತ್ತರವೂ ಮುಟ್ಟುವುದಿಲ್ಲ. ತನ್ನದನ್ನು ತನ್ನದಲ್ಲ ಎಂದು ನಂಬಿಯೇ ಅವರು ಹೋದರು. ಅದನ್ನು ನಾನು ಹೇಗೂ ತಿದ್ದಲಾರೆ. ನಿಮ್ಮವ್ವ ಇದ್ದಾರೆ. ನಾಳೆ ಬೆಳಿಗ್ಗೆ ಬರುತ್ತೇನೆ, ಶಿವಲಿಂಗಪ್ಪ. ನೀನು ನನ್ನ ಕಾಲಿಗೆ ಬಗ್ಗಬೇಡ, ಬಗ್ಗಿದರೆ ನನ್ನ ಧೈರ್ಯ ಮತ್ತೆ ಹೋದೀತು. ನಿಮ್ಮವ್ವನನ್ನು ಹೊರಗೆ ಕರೆ, ಅಷ್ಟು ಸಾಕು. ರಾಚಪ್ಪನ ಹೆಸರು ಹೇಳುತ್ತೇನೆ, ನನ್ನ ಹೆಸರು ಹೇಳುತ್ತೇನೆ. ಕಾಯ್ದೆ ನಿಮ್ಮ ಯಜಮಾನರ ಕಡೆಗೇ ಇತ್ತು ತಾಯಿ, ನನಗೆ ಅದು ಗೊತ್ತಿತ್ತು ಎಂದು ಹೇಳುತ್ತೇನೆ. ಆಮೇಲೆ ಅವರು ಏನಂದರೂ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.