ಬಾಗಿಲು ಮೂಡಲಿಗೆ, ಪೈಪು ಪಡುವಲಿಗೆ

ಉತ್ತರದ ಹಿಮನಾಡಿನ ಕೊಲ್ಲಿಯ ತೀರದ, ಮೂಲನಿವಾಸಿಗಳಾದ ನಮ್ಮ ಕ್ರೀ ಜನರ ಊರುಗಳಿಗೆ ಮನೆ ಮಂಜೂರು ಮಾಡಿಸಿದವರು ಬಹಳ ಮಂದಿ ಇದ್ದಾರೆ. ಆ ಮನೆಗಳನ್ನು ಕಟ್ಟುವ, ಕಟ್ಟಿದ್ದು ಬೂಷ್ಟು ಹಿಡಿಯದಂತೆ ಕಾಯುವ ಕೈಗಳನ್ನು ಊರಲ್ಲೇ ತಯಾರು ಮಾಡಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲು ಮಡಚಬೇಕಾದ ಬೆರಳು ಶ್ರೀಮತಿ ಜೆಮೈಮಾ ವೆಸ್ಲಿ ಅವರದು. ವಾಪೋಸ್ ನದಿಯ ದಡದ ನಮ್ಮೂರಿನ ವಸತಿ ನೆರವು ಕಚೇರಿಯನ್ನೂ ಅದರ ಹಿಂದಿನ ತರಬೇತಿ ಶೆಡ್ಡನ್ನೂ ಒಟ್ಟಿಗೆ ನಡೆಸಿ, ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ ಅವರ ಹಳೆಯ ಶಿಷ್ಯೆಯಾದ ನನಗೆ ಒದಗಿದೆ. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಆದ್ದರಿಂದ ಅವರ ಅತಿ ದೊಡ್ಡ ತಪ್ಪಿನಿಂದಲೇ ಹೊಗಳುತ್ತೇನೆ.

ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಮರಮುಟ್ಟು ಚಳಿಗಾಲದ ಹಿಮರಸ್ತೆಯಲ್ಲಿ ಬರುತ್ತಿತ್ತು, ಬಡಗಿಗಳು ಬೇಸಿಗೆಯಲ್ಲಿ ವಿಮಾನದಲ್ಲಿ ಬರುತ್ತಿದ್ದರು, ಮನೆ ಮುಗಿಯುವ ಮೊದಲೇ ಅದೇ ವಿಮಾನ ಹತ್ತಿ ಹೋಗುತ್ತಿದ್ದರು. ನಲ್ಲಿ ಕೆಟ್ಟರೆ ಮುಂದಿನ ವರ್ಷದವರೆಗೆ ಬಕೆಟ್ಟೇ ಗತಿ. ಜೆಮೈಮಾ ಅವರು ಊರಿನ ಹುಡುಗ ಹುಡುಗಿಯರನ್ನು ಸೇರಿಸಿ ಬಡಗಿ ಕೆಲಸ, ಪೈಪಿನ ಕೆಲಸ ಕಲಿಸುವ ವ್ಯವಸ್ಥೆ ಮಾಡಿದರು. ಹೆಬ್ಬಾತು ಬೇಟೆಯ ದಿನಗಳಲ್ಲಿ ತರಗತಿಗೆ ರಜೆ ಕೊಟ್ಟರು, ಏಕೆಂದರೆ ಕೊಡದಿದ್ದರೂ ಯಾರೂ ಬರುತ್ತಿರಲಿಲ್ಲ. ಎಳೆ ಕೂಸಿದ್ದ ತಾಯಂದಿರಿಗೆ ಕೂಸನ್ನು ಶೆಡ್ಡಿಗೇ ತರಲು ಹೇಳಿದರು. ನನ್ನ ಮಗ ಅವರ ತೊಡೆಯ ಮೇಲೆ ಬ್ಯಾನಕ್ ರೊಟ್ಟಿ ಚೀಪುತ್ತಿದ್ದಾಗಲೇ ನಾನು ಪೈಪು ಬೆಸೆಯಲು ಕಲಿತದ್ದು. ದಾರಿ ಕೇಳಿದರೆ ಜೆಮೈಮಾ ಅವರು ಕೈ ಎತ್ತುವವರಲ್ಲ, ನಮ್ಮವರ ರೂಢಿಯಂತೆ ತುಟಿ ಮುಂದೆ ಚಾಚಿ ತೋರಿಸುವವರು. ಅಳತೆ ಪಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ, ಪಾಯದ ಗುರುತಿಗೆ ಮನೆಯ ಮೂಲೆಗೂಟ ಹೊಡೆಯುವುದು ತಮ್ಮದೇ ಹಕ್ಕೆಂದು ತಿಳಿದಿದ್ದರು. ಎಡವಟ್ಟಾದದ್ದು ಅಲ್ಲೇ.

ನಾವು ಶಿಷ್ಯರು ಕಟ್ಟಿದ ಮೊದಲ ಮನೆ ನನ್ನ ಅಕ್ಕ ಲವಿನಿಯಾಳಿಗೆ ಮಂಜೂರಾಗಿತ್ತು. ಅಕ್ಕ ನಮ್ಮೊಂದಿಗೆ ಬೂಷ್ಟು ಹಿಡಿದ, ಜನ ಕಿಕ್ಕಿರಿದ ಮನೆಯಲ್ಲಿದ್ದಳು. ಅವಳ ಇಬ್ಬರು ಮಕ್ಕಳನ್ನು, ಪುಟ್ಟ ಎಡ್ನಾಳನ್ನೂ ಅವಳ ತಮ್ಮನನ್ನೂ, ಅದೇ ಕಾರಣಕ್ಕೆ ಮಕ್ಕಳ ರಕ್ಷಣಾ ಇಲಾಖೆಯವರು ದಕ್ಷಿಣದ ಪಟ್ಟಣದಲ್ಲಿ ಬೇರೆಯವರ ಆಶ್ರಯಕ್ಕೆ ಒಯ್ದಿದ್ದರು. ನದಿ ಹೆಪ್ಪುಗಟ್ಟುವ ಮೊದಲು ನಲ್ಲಿನೀರು ಇರುವ ಮನೆ ತೋರಿಸಿದರೆ ಮಕ್ಕಳು ವಾಪಸ್ಸು, ಇಲ್ಲವಾದರೆ ಅವರನ್ನು ಅಲ್ಲೇ ಕಾಯಂ ಆಗಿ ಇರಿಸುವ ಮಾತು ನಡೆದಿತ್ತು. ಅಕ್ಕ ದಿನವೂ ಬಂದು ಮೊಳೆಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಾ ಕೂತಿರುತ್ತಿದ್ದಳು.

ಗೋಡೆ ಎದ್ದು, ಮಾಡು ಮುಚ್ಚಿ, ನಾನು ನೀರಿನ ಪೈಪು ಜೋಡಿಸಲು ನೆಲಕ್ಕೆ ಇಳಿದ ದಿನ ಗೊತ್ತಾಯಿತು: ಬಚ್ಚಲು ಮೂಡಲಿಗಿದೆ, ಊರಿನ ಪೈಪು ಪಡುವಲಿನ ರಸ್ತೆಯಲ್ಲಿದೆ. ನಕ್ಷೆಯಲ್ಲಿ ಬಾಗಿಲು, ಅದರ ಪಕ್ಕದ ಬಚ್ಚಲು ಎರಡೂ ರಸ್ತೆಗೆ ಮುಖ ಮಾಡಿದ್ದವು. ಬೇಟೆಯ ಬಿಡಾರದಲ್ಲಿ ಹುಟ್ಟಿ ಬೆಳೆದ ಜೆಮೈಮಾ ಅವರು, ಡೇರೆ ಹಾಕುವಾಗ ನಮ್ಮ ಹಿರಿಯರೆಲ್ಲ ಮಾಡುವ ಹಾಗೆ, ಬಾಗಿಲನ್ನು ಸೂರ್ಯ ಹುಟ್ಟುವ ಕಡೆಗಿಟ್ಟು ಗೂಟ ಹೊಡೆದಿದ್ದರು. ಅದು ನಮಗೆಲ್ಲ ಎಷ್ಟು ಸಹಜವಾಗಿ ಕಂಡಿತ್ತೆಂದರೆ ಒಬ್ಬರೂ ನಕ್ಷೆ ತೆಗೆದು ನೋಡಿರಲಿಲ್ಲ.

ನಮ್ಮಲ್ಲಿ ಪೈಪು ಆಳು ಮುಳುಗುವಷ್ಟು ಆಳದಲ್ಲಿ ಹೋಗದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಮನೆಯನ್ನು ಸುತ್ತಿ ಅಷ್ಟುದ್ದದ ಕಾಲುವೆ ತೋಡಬೇಕಿತ್ತು. ಊರಿಗಿದ್ದ ಒಂದೇ ಅಗೆಯುವ ಯಂತ್ರ ಬಿಡಿಭಾಗಕ್ಕಾಗಿ ಕಾಯುತ್ತಾ ಬಿದ್ದಿತ್ತು. ಊರಿಗೆ ಊರೇ ಮರುದಿನ ಬೆಳಿಗ್ಗೆ ದೋಣಿ ಹತ್ತಿ ಶರತ್ಕಾಲದ ಬೇಟೆಗೆ ಹೊರಡುವುದಿತ್ತು. ಅಕ್ಕ ಮೊಳೆಯ ಡಬ್ಬಿ ಹಿಡಿದು ನಿಂತೇ ಇದ್ದಳು, ಅಳಲೂ ಇಲ್ಲ. ಜೆಮೈಮಾ ಅವರು ಅವಳನ್ನೊಮ್ಮೆ ನೋಡಿ, ನೆಟ್ಟಗೆ ಊರಿನ ರೇಡಿಯೋ ಕೋಣೆಗೆ ನಡೆದರು. ಎಲ್ಲರ ಅಡುಗೆಮನೆಯಲ್ಲೂ ಅವರ ದನಿ ಕೇಳಿಸಿತು.

"ಕೇಳ್ರಪ್ಪಾ, ನಾನು ಜೆಮೈಮಾ. ಲವಿನಿಯಾ ಮನೇನ ಹಿಂದುಮುಂದಾಗಿ ಕಟ್ಟಿಸ್ಬಿಟ್ಟಿದೀನಿ. ತಪ್ಪು ನಂದು, ಹುಡುಗ್ರುದ್ದಲ್ಲ. ನಾಳೆ ನೀವೆಲ್ಲ ಬೇಟೆಗೆ ಹೊರಟಿದೀರ, ಗೊತ್ತು. ಹೆಬ್ಬಾತು ಮುಂದಿನ ವರ್ಷಾನೂ ಬರ್ತವೆ. ಆ ಮಕ್ಕಳು ಬರ್ತವೋ ಇಲ್ವೋ ನಂಗೊತ್ತಿಲ್ಲ. ಗುದ್ದಲಿ ಹಿಡ್ಕೊಂಡು ಬನ್ನಿ."

ಅಧಿಕಾರದಲ್ಲಿರುವವರು ತಪ್ಪನ್ನು ಹೀಗೆ ಊರಿಗೆಲ್ಲ ಸಾರಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಬೆಳಗಾದರೆ ದೋಣಿಗಳು ದಡದಲ್ಲೇ ಇದ್ದವು. ಊರಿನ ಹಿರಿಯ ಬೇಟೆಗಾರ ಸೈಲಾಸ್ ಮಾವ ಗುದ್ದಲಿ ಊರಿಕೊಂಡು ಕಿಚಾಯಿಸಲು ಶುರುಮಾಡಿದ.

"ಏನಮ್ಮಾ ಜೆಮೈಮಾ, ಮನೆ ಕಟ್ಸಿದೀಯೋ ಡೇರೆ ಹಾಕ್ಸಿದೀಯೋ?"

"ಡೇರೆ ಆಗಿದ್ರೆ ನಾನೊಬ್ಳೇ ಕಿತ್ತು ತಿರುಗಿಸ್ತಿದ್ದೆ. ಬಾಯಿ ಮುಚ್ಕೊಂಡು ಅಗಿ."

"ಅಗೀತೀನಿ ಕಣಮ್ಮಾ. ಚಹಾನಾದ್ರೂ ನೆಟ್ಟಗೆ ಮಾಡ್ತೀಯಾ, ಅದೂ ಹಿಂದುಮುಂದಾನಾ?"

ನಕ್ಕು ನಕ್ಕು ಅಗೆದರು, ಮೊದಲ ಹಿಮ ಉದುರುವಾಗಲೂ ಅಗೆದರು. ತಲೆಯ ಮೇಲೆ ಹೆಬ್ಬಾತುಗಳ ಸಾಲು ಕೂಗುತ್ತಾ ದಕ್ಷಿಣಕ್ಕೆ ಹೋಗುವಾಗ ಗಂಡಸರು ಒಂದು ಗಳಿಗೆ ಗುದ್ದಲಿ ನಿಲ್ಲಿಸಿ ಕತ್ತೆತ್ತಿ ನೋಡಿ, ಮತ್ತೆ ಬಗ್ಗುತ್ತಿದ್ದರು. ಆ ಚಳಿಗಾಲ ಅನೇಕ ಮನೆಗಳಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸಕ್ಕೆ ಬರವಿತ್ತು. ಅದನ್ನು ಯಾರೂ ಅಕ್ಕನೆದುರು ಆಡಿ ತೋರಿಸಲಿಲ್ಲ.

ನಾನು ಪೈಪು ಬೆಸೆದೆ. ನದಿ ಹೆಪ್ಪುಗಟ್ಟುವ ಮೊದಲೇ ತಪಾಸಣೆಗೆ ಬಂದ ಅಧಿಕಾರಿ ಎಲ್ಲ ಬೆಸುಗೆಯನ್ನೂ ಬಿಡದೆ ನೋಡಿ, ನಲ್ಲಿ ತಿರುಗಿಸಿ, ನೀರು ಬಂದದ್ದು ಕಂಡು ಒಪ್ಪಿಗೆ ಕೊಟ್ಟರು. ಮಕ್ಕಳು ವಿಮಾನದಿಂದ ಇಳಿದಾಗ ಅಕ್ಕ ಅಳಲಿಲ್ಲ. ಜೆಮೈಮಾ ಅವರು ಅತ್ತರು, ಮರೆಮಾಚದೆ, ಎಲ್ಲರಿಗೂ ಕೇಳಿಸುವ ಹಾಗೆ. ಅಂದಿನಿಂದ ಮೂಲೆಗೂಟ ಅವರೊಬ್ಬರ ಹಕ್ಕಾಗಿ ಉಳಿಯಲಿಲ್ಲ. ಮನೆಯಲ್ಲಿ ಇರುವವರೂ ಕಟ್ಟುವವರೂ ಒಟ್ಟಿಗೆ ನಿಂತು ಬಾಗಿಲು ಎತ್ತ, ಪೈಪು ಎತ್ತ ಎಂದು ನೋಡಬೇಕೆಂಬ ಪದ್ಧತಿ ಬಂತು. ದಕ್ಷಿಣದ ಕಚೇರಿಯೊಂದಿಗೆ ವರ್ಷಗಟ್ಟಲೆ ಹಟ ಹಿಡಿದು ನಕ್ಷೆಯನ್ನೂ ಬದಲಾಯಿಸಿಕೊಂಡರು. ಈಗ ನಮ್ಮ ಹೊಸ ಮನೆಗಳಿಗೆಲ್ಲ ಬಾಗಿಲು ಮೂಡಲಿಗೇ, ಬಚ್ಚಲು ಪೈಪಿನ ಪಕ್ಕಕ್ಕೇ.

ಇಷ್ಟೆಲ್ಲ ಮನೆ ಹಂಚಿದ ಅವರು ಮಾತ್ರ ಇಂದಿಗೂ ಸೋರುವ ಹಳೆಯ ಮನೆಯಲ್ಲಿದ್ದಾರೆ. ತಮ್ಮ ಸರದಿ ಬಂದಾಗಲೆಲ್ಲ ಮಕ್ಕಳಿರುವ ಯಾರಿಗಾದರೂ ಬಿಟ್ಟುಕೊಟ್ಟರು. ಈ ವಸಂತದಲ್ಲಿ ಪಂಚಾಯಿತಿ ಅವರ ಮಾತು ಕೇಳದೆ ಅವರಿಗೇ ಹೊಸ ಮನೆ ಮಂಜೂರು ಮಾಡಿತು. ಅವರ ಮನೆಯ ಜಾಗದಲ್ಲಿ ಮೂಲೆಗೂಟ ಹಿಡಿದು ಕುಳಿತಿದ್ದವಳು ಈಗ ಬಡಗಿಯಾಗಿರುವ ಅದೇ ಎಡ್ನಾ.

"ನಂಗ್ಯಾಕೇ ಹೊಸ ಮನೆ? ಮಕ್ಳಿರೋರಿಗೆ ಕೊಡಿ," ಎಂದು ಗದರಿದರು ಜೆಮೈಮಾ ಅವರು.

"ಅಜ್ಜೀ, ಪೈಪು ಎಲ್ಲಿದೆ ಅಂತ ನೋಡಾಯ್ತು," ಎಂದಳು ಎಡ್ನಾ, ತಲೆಯೆತ್ತದೆ. "ಬಾಗಿಲು ಎತ್ಲಾಗೆ ಅಂತ ಇರೋರೇ ಹೇಳ್ಬೇಕು. ನೀವೇ ಮಾಡಿದ ರೂಲು."

ಜೆಮೈಮಾ ಅವರು ತುಟಿ ಮುಂದೆ ಚಾಚಿ, ಸೂರ್ಯ ಹುಟ್ಟುವ ದಿಕ್ಕಿಗೆ, ನದಿಯ ಕಡೆ ತೋರಿಸಿದರು.

ಆ ಮನೆಯಲ್ಲಿ ಅವರು ಬಹುಕಾಲ ಆರೋಗ್ಯವಾಗಿ ಬಾಳಲಿ, ನಿವೃತ್ತಿಯ ನೆಪದಲ್ಲಿ ನಮ್ಮ ಕೆಲಸದಲ್ಲಿ ಕೊಂಕು ತೆಗೆಯುವುದನ್ನು ಬಿಡದಿರಲಿ. ಬೆಳಿಗ್ಗೆ ಎದ್ದು ಬಾಗಿಲು ತೆರೆದಾಗ ಬಿಸಿಲು ಅವರ ಮುಖಕ್ಕೆ ಬೀಳಲಿ. ಹಿಂದೆ ಬಚ್ಚಲಲ್ಲಿ ನೀರು ಬರುತ್ತಿರಲಿ.