ಮುಗಿಯದ ಅಧಿವೇಶನ

2007ರ ಜನವರಿಯ ಒಂದು ಭಾನುವಾರ, ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘ ಒಂದು ನಿರ್ಣಯ ಅಂಗೀಕರಿಸಿತು. ಮದುವೆಯಾಗದವರಿಗೆ ಇನ್ನು ಮುಂದೆ ಮನೆ ಬಾಡಿಗೆಗೆ ಕೊಡುವಂತಿಲ್ಲ. ಈಗಾಗಲೇ ಇರುವವರು ಮಾರ್ಚ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಕೈ ಎತ್ತಿ ಮತ ಹಾಕಿದರು. ನಾನು ವಿರುದ್ಧವಾಗಿ ಕೈ ಎತ್ತಿದೆ, ಇಳಿಸಿದೆ, ಅದನ್ನೂ ಬರೆದುಕೊಂಡೆ. ಆಗ ಕನ್ನಡ ಪತ್ರಿಕೆಯೊಂದಕ್ಕೆ ಸಂಸತ್ತಿನ ಕಲಾಪ ವರದಿ ಮಾಡುತ್ತಿದ್ದೆ. ವೇಗವಾಗಿ ಬರೆಯುತ್ತೇನೆ ಎಂಬ ಒಂದೇ ಕಾರಣಕ್ಕೆ ಸಂಘದ ಸಭೆಗಳ ನಡಾವಳಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು.

ಸಭೆ ನಡೆದದ್ದು ಕೆಳಗಿನ ಪಾರ್ಕಿಂಗ್‌ನಲ್ಲಿ. ಹೊರಗೆ ಮಂಜು, ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಶಾಲು ಹೊದ್ದ ಜನ. ಕೊನೆಯ ಸಾಲಿನ ಹಿಂದೆ, ಕಂಬಕ್ಕೆ ಒರಗಿ, ನಮ್ಮ ಮೇಲಿನ ಮಹಡಿಯ ಹುಡುಗಿ ನಿಂತಿದ್ದಳು. ಗುಲ್ಬರ್ಗಾದವಳು. ಸಾಫ್ಟ್‌ವೇರ್ ಆಫೀಸೊಂದರಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಆಫೀಸಿನ ಕ್ಯಾಬ್ ತಂದು ಬಿಡುತ್ತಿತ್ತು. ಗೇಟು ತೆಗೆಸಲು ಚಾಲಕ ಹಾರ್ನ್ ಹೊಡೆಯುತ್ತಿದ್ದ. ಚರ್ಚೆ ಶುರುವಾದದ್ದು ಆ ಹಾರ್ನ್‌ನಿಂದ. ನೋಡನೋಡುತ್ತಿದ್ದಂತೆ ಅದು ‘ಯಾರು ಬರುತ್ತಾರೋ, ಯಾರು ಹೋಗುತ್ತಾರೋ’ ಎಂಬಲ್ಲಿಗೆ ತಲುಪಿತು. ಅವಳು ಕೈ ಎತ್ತಿದಳು. ಅಧ್ಯಕ್ಷರು ನೋಡಿದರು. ನಿಯಮದ ಪ್ರಕಾರ ಬಾಡಿಗೆದಾರರು ಸಂದರ್ಶಕರು, ಕೇಳಬಹುದು, ಮಾತನಾಡುವಂತಿಲ್ಲ ಎಂದರು. ಅವಳು ಮತ್ತೆ ಕೈ ಎತ್ತಿದಳು. ಈ ಸಲ ಅವರು ನೋಡಲಿಲ್ಲ.

ಮಾರನೆಯ ದಿನ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಬಾಗಿಲು ತಟ್ಟಿದಳು. ಪಾಳಿ ಮುಗಿಸಿ ಬಂದು ಮಲಗಿರಲಿಲ್ಲ.

“ಅಕ್ಕಾ, ನಿನ್ನೆ ಏನು ಬರ್ದೀರಿ? ಓದಿ ಹೇಳ್ರಿ.”

ಓದಿ ಹೇಳಿದೆ.

“ನಾ ಕೈ ಎತ್ತಿದ್ದು ಬರ್ದಿಲ್ಲ?”

“ಬರ್ದಿದೀನಿ. ‘ಸಂದರ್ಶಕರೊಬ್ಬರಿಗೆ ಅವಕಾಶ ನಿರಾಕರಿಸಲಾಯಿತು’ ಅಂತ ಇದೆ ನೋಡು.”

“ಅಬ್ಬಾ, ಎಷ್ಟು ಛಂದ ಬರ್ದೀರಿ! ನಾನು ಅಂತ ಗೊತ್ತೇ ಆಗಂಗಿಲ್ಲ.” ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. “ಈ ಮನಿ ಸಿಗೋಕೆ ಎಷ್ಟು ಓಡ್ಯಾಡೀನಿ ಗೊತ್ತೇನ್ರಿ? ಫೋನ್‌ನ್ಯಾಗ ಮನಿ ಖಾಲಿ ಐತಿ ಅಂತಾರ. ಹೆಸರು ಹೇಳಿದ ಮ್ಯಾಲ, ಅರೇ ನಿನ್ನೇನ ಹೋಯ್ತು ಅಂತಾರ. ನಮ್ಮ ಓನರ್ ಒಬ್ರೇ ಹೆಸರು ಕೇಳಿ, ಅಚ್ಛಾ, ಕೀಲಿ ಯಾವಾಗ ಬೇಕು ಅಂದ್ರು. ಅವ್ರು ದುಬೈನ್ಯಾಗ ಕುಂತಾರ. ಇನ್ನೊಮ್ಮೆ ಈ ಮಾತು ಸಭಾದಾಗ ತರೋಕೆ ಬರಂಗಿಲ್ಲೇನು? ನಂಗ ಎರಡು ಮಿಂಟ್ ಮಾತಾಡೋಕೆ ಬಿಟ್ರ ಸಾಕು.”

ಅಧ್ಯಕ್ಷರನ್ನು ಕೇಳುತ್ತೇನೆ ಎಂದೆ.

ಅಧ್ಯಕ್ಷರು ಒಂದು ಶಾಸನಸಭೆಯ ಸಚಿವಾಲಯದಲ್ಲಿ ಇಡೀ ವೃತ್ತಿಜೀವನ ಕಳೆದು ನಿವೃತ್ತರಾದವರು. ಸಂಘ ಕಟ್ಟಿದಾಗ ಅದರ ಸಭಾ ನಿಯಮಗಳನ್ನು ಅವರೇ ಬರೆದರು. ಬರೆದರು ಎನ್ನುವುದಕ್ಕಿಂತ, ಶಾಸನಸಭೆಯ ನಿಯಮಾವಳಿಯನ್ನು ಮುಂದಿಟ್ಟುಕೊಂಡು ‘ಸದನ’ ಇದ್ದಲ್ಲಿ ‘ಸಂಘ’ ಎಂದು ಹಾಕಿದರು. ಬೇರೆ ಅಪಾರ್ಟ್‌ಮೆಂಟುಗಳ ಸಭೆಗಳಲ್ಲಿ ನೀರಿನ ಟ್ಯಾಂಕಿನ ವಿಷಯಕ್ಕೆ ಕೊರಳಪಟ್ಟಿ ಹಿಡಿಯುತ್ತಿದ್ದರು. ನಮ್ಮಲ್ಲಿ ಹಾಗಾಗುತ್ತಿರಲಿಲ್ಲ. ಅದು ಅವರ ಹೆಮ್ಮೆ. ಸುಳ್ಳು ಹೆಮ್ಮೆಯಲ್ಲ.

ಅವರು ಬಿಸಿಲಿಗೆ ಬಾಲ್ಕನಿಯಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. ವಿಷಯ ಕೇಳಿ ತಲೆ ಅಡ್ಡಡ್ಡ ಆಡಿಸಿದರು.

“ಬೇಟಾ, ನೀವು ಸಂಸತ್ತಿನ ಪ್ರೆಸ್ ಗ್ಯಾಲರಿಯಲ್ಲಿ ಕೂರುವವರು, ನಿಮಗೆ ಹೇಳಬೇಕೇ? ಒಮ್ಮೆ ತೀರ್ಮಾನವಾದ ವಿಷಯವನ್ನು ಅದೇ ಅಧಿವೇಶನದಲ್ಲಿ ಮತ್ತೆ ಎತ್ತುವಂತಿಲ್ಲ. ನಮ್ಮ ನಿಯಮಗಳಲ್ಲೂ ಅದಿದೆ.”

“ಸರಿ. ಈ ಅಧಿವೇಶನ ಮುಗಿಯುವುದು ಯಾವಾಗ?”

ಸುಲಿಯುತ್ತಿದ್ದ ಕೈ ನಿಂತಿತು.

ಶಾಸನಸಭೆಯಲ್ಲಿ ಕಲಾಪ ಮುಂದೂಡುವುದು ಒಂದು, ಅಧಿವೇಶನ ಮುಕ್ತಾಯಗೊಳಿಸುವುದು ಇನ್ನೊಂದು. ಎರಡನೆಯದು ಸಭಾಧ್ಯಕ್ಷರ ಕೈಯಲ್ಲಿಲ್ಲ; ಅದಕ್ಕೆ ರಾಷ್ಟ್ರಪತಿಯೋ ರಾಜ್ಯಪಾಲರೋ ಆದೇಶ ಹೊರಡಿಸಬೇಕು. ನಮ್ಮ ಸಂಘಕ್ಕೆ ರಾಜ್ಯಪಾಲರಿರಲಿಲ್ಲ. ನಕಲು ಮಾಡುವಾಗ ಆ ಭಾಗವನ್ನು ಅವರು ಬಿಟ್ಟಿದ್ದರು. ಪ್ರತಿ ಸಭೆಯ ಕೊನೆಗೆ ಎದ್ದು ನಿಂತು ‘ಸಭೆಯನ್ನು ಮುಂದೂಡಲಾಗಿದೆ’ ಎಂದು ಗಂಭೀರವಾಗಿ ಹೇಳುತ್ತಿದ್ದರು. ಹಾಗಾಗಿ ಸಂಘ ಹುಟ್ಟಿದಂದಿನಿಂದ ಒಂದೇ ಅಧಿವೇಶನ ನಡೆಯುತ್ತಿತ್ತು. ನಾಯಿಗಳು ಲಿಫ್ಟ್ ಹತ್ತಬಾರದು ಎಂಬುದರಿಂದ ಹಿಡಿದು ಈ ಹುಡುಗಿ ಮನೆ ಬಿಡಬೇಕು ಎಂಬುದರವರೆಗೆ, ಆದ ಒಂದು ತೀರ್ಮಾನವನ್ನೂ ಮತ್ತೆ ಎತ್ತಲು ದಾರಿ ಇರಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

“ಅರೇ ಬಾಪ್‌ರೇ,” ಎಂದರು ಅಧ್ಯಕ್ಷರು. ಒಳಗೆ ಹೋಗಿ ನಿಯಮಾವಳಿ ತಂದು, ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. “ತಿದ್ದುಪಡಿ ಮಾಡಬೇಕು. ಕ್ರಮಪ್ರಕಾರ.”

ಕ್ರಮ ಎಂದರೆ ಹೀಗೆ: ಕರಡನ್ನು ಲಿಫ್ಟಿನ ಪಕ್ಕದ ಫಲಕಕ್ಕೆ ಹಚ್ಚಬೇಕು, ಹದಿನೈದು ದಿನ ಆಕ್ಷೇಪಗಳಿಗೆ ಬಿಡಬೇಕು, ಮುಂದಿನ ಸಭೆಯಲ್ಲಿ ಮತಕ್ಕೆ ಹಾಕಬೇಕು, ಒಪ್ಪಿದರೆ ಅದರ ಮುಂದಿನ ಸಭೆಯಿಂದ ಜಾರಿ. ಲೋಕಸಭೆಯಲ್ಲೂ ನಿಯಮ ಸಮಿತಿಯ ಶಿಫಾರಸನ್ನು ಸದನದಲ್ಲಿ ಮಂಡಿಸಿ, ಸದಸ್ಯರು ತಿದ್ದುಪಡಿ ಸೂಚಿಸಲು ಏಳು ದಿನ ಕಾಯುತ್ತಾರೆ. ಆದರೆ ಗ್ಯಾಲರಿಯಲ್ಲಿ ಕುಳಿತು ನಾನು ಕಂಡದ್ದು ಬೇರೆಯದೂ ಇತ್ತು. ದಿನವೂ ನಾವು ವರದಿ ಮಾಡುವ ಶೂನ್ಯವೇಳೆ ನಿಯಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಜನ ಎದ್ದು ಕೂಗುತ್ತ ಕೂಗುತ್ತ ಅದು ಬಂದುಬಿಟ್ಟಿತು. ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗಿದವರನ್ನು ಹೆಸರಿಸಿದರೆ ತಾನಾಗಿಯೇ ಅಮಾನತು ಎಂಬ ನಿಯಮ 2001ರಲ್ಲಿ ಪುಸ್ತಕಕ್ಕೆ ಸೇರಿತು, ನುಗ್ಗುವುದು ನಿಲ್ಲಲಿಲ್ಲ. ಜನರ ನಡವಳಿಕೆಗಿಂತ ಕೆಲವು ನಿಯಮಗಳು ಹಿಂದೆ ಬೀಳುತ್ತವೆ, ಕೆಲವು ಮುಂದೆ ಓಡುತ್ತವೆ. ಆ ಫೆಬ್ರವರಿಯಲ್ಲಿ ನನಗೆ ಇದನ್ನು ಯೋಚಿಸುವ ತಾಳ್ಮೆ ಇರಲಿಲ್ಲ. ಬಜೆಟ್ ಅಧಿವೇಶನ ಹತ್ತಿರ ಬಂದಿತ್ತು. ಪ್ರತಿದಿನ ಲಿಫ್ಟಿಗೆ ಕಾಯುವಾಗ ಫಲಕ ನೋಡುತ್ತಿದ್ದೆ. ಅದು ಖಾಲಿ ಇರುತ್ತಿತ್ತು.

ಅಧ್ಯಕ್ಷರು ಕರಡು ಬರೆದು ಹರಿಯುತ್ತಿದ್ದರು. ಮೊದಲು ಬರೆದದ್ದು, ಅಧಿವೇಶನ ಎಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂದು. ಕಾರ್ಯದರ್ಶಿಗೆ ಅದು ಬಹಳ ಹಿಡಿಸಿತು. ಜನವರಿಯ ನಿರ್ಣಯ ತಂದವರು ಅವರೇ; ಕಾರಿನ ಬಿಡಿಭಾಗಗಳ ವ್ಯಾಪಾರಿ, ಯಾವುದನ್ನೂ ಮುಂದಕ್ಕೆ ಹಾಕದ ಮನುಷ್ಯ.

“ಬಹುತ್ ಬಢಿಯಾ,” ಎಂದರು ಲಿಫ್ಟಿನ ಮುಂದೆ, ನನ್ನನ್ನು ನೋಡಿ. “ಮಾರ್ಚ್ ಮುಗಿಯಲಿ, ಆಮೇಲೆ ಎತ್ತಲಿ. ಕುದುರೆ ಹೋದ ಮೇಲೆ ಲಾಯಕ್ಕೆ ಯಾವ ಬಣ್ಣ ಹಚ್ಚಿದರೇನು? ಏನು ಮೇಡಂ, ಪಾರ್ಲಿಮೆಂಟಿನಲ್ಲಿ ಗದ್ದಲ ಕಡಿಮೆಯಾಯಿತೇ, ಇಲ್ಲಿ ಮಾಡುತ್ತಿದ್ದೀರಿ?”

ಆ ಸಂಜೆ ಹುಡುಗಿಗೆ ಹೇಳಿದೆ. ಅವಳು ಲೆಕ್ಕ ಹಾಕುವ ಮೊದಲೇ ಅವಳಿಗೆ ಅರ್ಥವಾಗಿತ್ತು.

“ಒಂದು ದಿನಕ್ಕ ತಪ್ಪತೈತಲ್ರಿ ಅಕ್ಕಾ! ಅವ್ರ ಹತ್ರ ನನ್ನ ಕರ್ಕೊಂಡು ನಡೀರಿ. ಚಲೋ, ಈಗಲೇ.”

ಅಧ್ಯಕ್ಷರ ಪತ್ನಿ ಚಹಾ ಕೊಟ್ಟರು. ಹುಡುಗಿಯ ಹಿಂದಿ ಕೇಳಿ ಅಧ್ಯಕ್ಷರಿಗೆ ಸೋಜಿಗ. “ಇದು ಎಲ್ಲಿಯ ಹಿಂದಿ? ‘ನಕ್ಕೋ’ ಅಂತೀಯಲ್ಲ?”

“ನಮ್ಮೂರ್ದು, ಸರ್. ನಕ್ಕೋ ಅಂದರೆ ಬೇಡ. ನನಗೆ ಇತ್ತೀಚೆಗೆ ಜಾಸ್ತಿ ಬೇಕಾಗುತ್ತಿದೆ ಈ ಶಬ್ದ.”

ಅವರು ನಕ್ಕರು. ಅವಳು ಕಪ್ಪು ಕೆಳಗಿಟ್ಟು ಕೇಳಿದಳು: “ಸರ್, ನಿಮ್ಮ ಸದನದಲ್ಲಿ ಒಬ್ಬ ಮನುಷ್ಯನಿಗೆ ಶಿಕ್ಷೆ ಕೊಡಬೇಕಾದರೆ, ಅವನನ್ನು ಕರೆಸುತ್ತಿದ್ದರೋ ಇಲ್ಲವೋ?”

“ಕರೆಸುತ್ತಿದ್ದರು. ಕಟಕಟೆ ಇದೆ. ಸಮಿತಿ ಮುಂದೆ ಅವನ ಮಾತು ಕೇಳುತ್ತಾರೆ.”

“ಅವನು ಸದಸ್ಯನಲ್ಲದಿದ್ದರೂ?”

“ಸದಸ್ಯನಲ್ಲದಿದ್ದರೂ.”

“ಆ ನಿಯಮ ಬರೆದುಕೊಳ್ಳುವಾಗ ನೀವು ಚಹಾ ಕುಡಿಯೋಕೆ ಹೋಗಿದ್ರಾ ಸರ್?”

ಅಧ್ಯಕ್ಷರ ಪತ್ನಿ ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. “ಹೋಗಿರಬೇಕು! ಇವರು ಇನ್ನೇನು ಮಾಡುತ್ತಿದ್ದರು ಅಲ್ಲಿ?”

ಎರಡು ದಿನದ ನಂತರ ಫಲಕದ ಮೇಲೆ ಕರಡು ಬಂತು. ಅಧಿವೇಶನದ ವ್ಯಾಖ್ಯೆ ಏಪ್ರಿಲ್‌ನಿಂದ ಮಾರ್ಚ್ ಎಂದೇ ಉಳಿದಿತ್ತು. ಕೆಳಗೆ ಹೊಸ ವಾಕ್ಯವಿತ್ತು. ಒಂದು ತೀರ್ಮಾನದಿಂದ ನೇರವಾಗಿ ಬಾಧಿತರಾದವರಿಗೆ, ಅವರು ಸದಸ್ಯರಿರಲಿ ಇಲ್ಲದಿರಲಿ, ಅಂದು ಮಾತನಾಡುವ ಅವಕಾಶ ಸಿಕ್ಕಿರದಿದ್ದರೆ, ಆ ವಿಷಯವನ್ನು ಅದೇ ಅಧಿವೇಶನದಲ್ಲೂ ಒಮ್ಮೆ ಮತ್ತೆ ಎತ್ತಬಹುದು. ಅವರ ಮಾತು ಕೇಳಿದ ಮೇಲೆಯೇ ಮತ.

ಹುಡುಗಿ ಫಲಕದ ಮುಂದೆ ನಿಂತು ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು. ಅಷ್ಟು ಚಿಕ್ಕ ಮೊಬೈಲಿನಲ್ಲಿ ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ಮಾರ್ಚ್ ಎರಡನೆಯ ಭಾನುವಾರ ಸಭೆ. ಕಾರ್ಯದರ್ಶಿ ಇದು ನಿಯಮಬಾಹಿರ ಎಂದು ಕ್ರಿಯಾಲೋಪ ಎತ್ತಿದರು, ಕಿರಾಣಿ ಅಂಗಡಿಯವರೆಲ್ಲ ನಾಳೆ ಬಂದು ಮಾತನಾಡುತ್ತಾರೆ ಎಂದರು, ಹಾಲಿನ ಭಯ್ಯಾನಿಗೂ ಮೈಕ್ ಕೊಡಿ ಎಂದರು. ಕೆಲವರು ನಕ್ಕರು. ಕೆಲವರಿಗೆ ನಾಯಿಯ ನಿರ್ಣಯ ನೆನಪಾಗಿರಬೇಕು, ನಗಲಿಲ್ಲ. ತಿದ್ದುಪಡಿ ಪಾಸಾಯಿತು. ಬರೆದುಕೊಂಡೆ. ತಕ್ಷಣ ನಾನು ಎದ್ದು ನಿಂತು ಜನವರಿಯ ವಿಷಯವನ್ನು ಈಗಲೇ ಎತ್ತಲು ಅನುಮತಿ ಕೇಳಿದೆ.

“ಜಾರಿ ಮುಂದಿನ ಸಭೆಯಿಂದ,” ಎಂದರು ಅಧ್ಯಕ್ಷರು.

“ಮುಂದಿನ ಸಭೆ ಏಪ್ರಿಲ್‌ನಲ್ಲಿ. ಆ ಒಂದು ನಿಯಮವನ್ನು ಇವತ್ತಿನ ಮಟ್ಟಿಗೆ ಅಮಾನತಿನಲ್ಲಿಡಬಹುದಲ್ಲ? ಸದನದಲ್ಲಿ ಹಾಗೆ ಮಾಡುತ್ತಾರೆ.”

“ಮಾಡುತ್ತಾರೆ. ಅದಕ್ಕೊಂದು ನಿಯಮ ಇದೆ. ಅದನ್ನು ನಾನು ಬೇಕೆಂದೇ ಸೇರಿಸಲಿಲ್ಲ, ಬೇಟಾ. ಸೇರಿಸಿದ್ದರೆ ಪ್ರತಿ ಸಭೆಯಲ್ಲೂ ಯಾರೋ ಒಬ್ಬರು ಇನ್ನೊಬ್ಬರ ನೀರು ನಿಲ್ಲಿಸಲು ಅದನ್ನೇ ಬಳಸುತ್ತಿದ್ದರು.” ಅವರು ಹುಡುಗಿಯತ್ತ ನೋಡಲಿಲ್ಲ. “ಹಳೆಯ ತೀರ್ಮಾನ ಅಲ್ಲಿಯವರೆಗೆ ನಿಲ್ಲುತ್ತದೆ. ಸಭೆಯನ್ನು ಮುಂದೂಡಲಾಗಿದೆ.”

ಉಳಿದ ದಿನಗಳಲ್ಲಿ ಅವಳು ಪಾಳಿ ಮುಗಿಸಿ ಬಂದು, ಮುಖ ತೊಳೆದು, ಮನೆ ಹುಡುಕಲು ಹೋಗುತ್ತಿದ್ದಳು. ರಜೆಯ ದಿನ ನಾನೂ ಜೊತೆಗೆ ಹೋದೆ. ಒಂದು ಕಡೆ ದಲ್ಲಾಳಿ ನನ್ನ ಹೆಸರಿನಲ್ಲಿ ಕರಾರು ಮಾಡಿಸೋಣ ಎಂದು ಮೆಲ್ಲಗೆ ಸೂಚಿಸಿದ. ಅವಳು ಒಪ್ಪಲಿಲ್ಲ. “ಆಮ್ಯಾಲ ಬಾಗಿಲಿಗೆ ಯಾರ ಹೆಸರು ಹಾಕಲಿ?” ಎಂದಳು ಆಟೋದಲ್ಲಿ. ಮನೆ ಮಾಲೀಕರು ದುಬೈನಿಂದ ಫೋನ್ ಮಾಡಿ ಸಂಘದೊಡನೆ ಜಗಳವಾಡಿದರು. ಲಿಫ್ಟಿನ ಚಾವಿ ವಾಪಸ್, ನೀರಿನ ಸಂಪರ್ಕ ಕಡಿತ ಎಂದೆಲ್ಲ ಕಾರ್ಯದರ್ಶಿ ಹೆದರಿಸಿದ ಮೇಲೆ ಸುಮ್ಮನಾದರು. ಕೊನೆಗೆ ಗ್ರೇಟರ್ ನೋಯ್ಡಾದ ಕಾಲೇಜೊಂದರ ಬಳಿ, ಹುಡುಗಿಯರ ಪಿಜಿಯಲ್ಲಿ ಒಂದು ಹಾಸಿಗೆ ಸಿಕ್ಕಿತು. ಆಫೀಸಿನ ಕ್ಯಾಬ್ ಅಷ್ಟು ದೂರ ಬರುತ್ತಿರಲಿಲ್ಲ. ಪರಿ ಚೌಕ ಎಂಬ ವೃತ್ತದಿಂದ ಶೇರ್ ಆಟೋದಲ್ಲಿ ಹೋಗಬೇಕಿತ್ತು. ಮಾರ್ಚ್ ಮುಗಿಯುವ ಮೊದಲೇ ಸಾಮಾನು ಸಾಗಿಸಿದಳು.

ಏಪ್ರಿಲ್ ಸಭೆಗೆ ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಬಂದಳು. ಬೆವರಿದ್ದಳು, ಚೂಡಿದಾರದ ಮೇಲೆ ಆಟೋದ ಧೂಳು. ಸಭೆ ಶುರುವಾಗುವ ಮೊದಲೇ ಕಾರ್ಯದರ್ಶಿ ಎದ್ದರು.

“ಅಧ್ಯಕ್ಷರೇ, ಇವರು ಈಗ ಬಾಡಿಗೆದಾರರೂ ಅಲ್ಲ. ಬಾಧಿತರು ಹೇಗಾದರು? ಅವರ ಬಾಧೆ ಗ್ರೇಟರ್ ನೋಯ್ಡಾಕ್ಕೆ ಹೋಯಿತಲ್ಲ!”

ಅಧ್ಯಕ್ಷರು ತಮ್ಮದೇ ವಾಕ್ಯವನ್ನು ನಿಧಾನವಾಗಿ ಓದಿದರು. “‘ಬಾಧಿತರಾದವರು’ ಎಂದಿದೆ. ‘ಇಲ್ಲಿ ವಾಸಿಸುವವರು’ ಎಂದಿಲ್ಲ. ಮಾತಾಡಿ, ಬೇಟಾ.”

ಅವಳು ಕಂಬದ ಹತ್ತಿರದಿಂದ ಮುಂದೆ ಬಂದಳು.

“ಹಾರ್ನ್ ನಮ್ಮ ಕ್ಯಾಬ್‌ನದೇ. ಹೊಡೆಯಬೇಡಿ ಎಂದು ನಾನು ಡ್ರೈವರ್ ಭಯ್ಯಾನಿಗೆ ಹೇಳಿದ್ದೆ. ಗೇಟಿನವರು ನಿದ್ದೆ ಮಾಡುತ್ತಿದ್ದರು, ಹಾಗಾಗಿ ಹೊಡೆಯುತ್ತಿದ್ದ. ಇಷ್ಟೇ ಹೇಳಬೇಕಿತ್ತು ಅವತ್ತು. ಯಾರು ಬರುತ್ತಾರೆ ಎಂದು ಕೇಳಿದಿರಿ. ನಮ್ಮಮ್ಮ ಒಂದು ಸಲ ಬಂದಿದ್ದರು, ಈ ಆಂಟಿ ಮನೆಗೆ ಹೋಳಿಗೆ ಕೊಟ್ಟಿದ್ದರು.” ಮುಂದಿನ ಸಾಲಿನ ಹೆಂಗಸೊಬ್ಬರನ್ನು ತೋರಿಸಿದಳು. ಅವರು ಜನವರಿಯಲ್ಲಿ ಪರವಾಗಿ ಕೈ ಎತ್ತಿದ್ದವರು. “ನನಗೆ ಮನೆ ವಾಪಸ್ ಬೇಕೆಂದು ಬಂದಿಲ್ಲ. ಅಲ್ಲಿ ಬೇರೆಯವರು ಬರುತ್ತಿದ್ದಾರೆ, ಗೊತ್ತು. ಮೂರನೇ ಮಹಡಿಯಲ್ಲಿ ಇನ್ನೂ ಇಬ್ಬರು ಹುಡುಗಿಯರಿದ್ದಾರೆ, ಖಾಲಿ ಮಾಡದೆ ದಿನಾ ನಾಳೆ ನಾಳೆ ಅನ್ನುತ್ತ ಕೂತಿದ್ದಾರೆ. ಅವರಿಗೆ ಬೇಕು.”

ಜನರೇಟರ್ ಶುರುವಾಗಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆ ಹೆಂಗಸು ಎದ್ದು, ಜನರೇಟರಿನ ಸದ್ದಿನ ಮೇಲೆ ಕೂಗಿ ಹೇಳಿದರು: “ಹೋಳಿಗೆ ಚೆನ್ನಾಗಿತ್ತು. ನನಗೆ ಯಾರೂ ಹೇಳಲೇ ಇಲ್ಲವಲ್ಲ, ಆ ಹುಡುಗಿ ಇವಳೇ ಅಂತ! ಮತಕ್ಕೆ ಹಾಕಿ.”

ಜನವರಿಯ ನಿರ್ಣಯ ರದ್ದಾಯಿತು. ಕಾರ್ಯದರ್ಶಿ ವಿರುದ್ಧ ಕೈ ಎತ್ತಿದರು. ಅವರ ಜೊತೆ ಇನ್ನೂ ಕೆಲವು ಕೈಗಳು. ಅಧ್ಯಕ್ಷರು ಎದ್ದು ನಿಂತು, ಒಂದು ಕ್ಷಣ ತಡೆದು, ಸಭೆ ಮುಗಿಯಿತು ಎಂದರು.

ಮೂರನೇ ಮಹಡಿಯ ಇಬ್ಬರು ಹುಡುಗಿಯರು ಮನೆ ಖಾಲಿ ಮಾಡಲಿಲ್ಲ. ಆ ವರ್ಷದ ಕೊನೆಯಲ್ಲಿ ನಿಯಮಾವಳಿ ಮತ್ತೆ ಅಚ್ಚಾಯಿತು. ಹೊಸ ವಾಕ್ಯ ಅದರಲ್ಲಿದೆ. 2009ರಲ್ಲಿ ಅದರ ಕೆಳಗೆ ಇನ್ನೊಂದು ಸೇರಿತು: ಬಾಡಿಗೆದಾರರಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರು ಅಧ್ಯಕ್ಷರ ಅನುಮತಿಯಿಲ್ಲದೆಯೇ ಮಾತನಾಡಬಹುದು. ಅವಳು ಗ್ರೇಟರ್ ನೋಯ್ಡಾದ ಪಿಜಿಯಲ್ಲೇ ಇದ್ದು, 2008ರ ಕೊನೆಗೆ ಆ ಕೆಲಸ ಬಿಟ್ಟು ಹೈದರಾಬಾದಿಗೆ ಹೋದಳು. ನಮ್ಮ ಮೇಲಿನ ಮಹಡಿಯ ಮನೆಗೆ 2007ರ ಮೇ ತಿಂಗಳಲ್ಲಿ ಬಂದ ಕುಟುಂಬ ಈಗಲೂ ಅಲ್ಲೇ ಇದೆ.