ಮಾವನ ಹುಲಿ, ಸೊಸೆಯ ಕುರಿ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ವರ್ಷದ ಹುಣಸೆಹಣ್ಣನ್ನು ಅಂಗಳದಲ್ಲಿ ಹರವಿಕೊಂಡು, ಗುಂಡುಕಲ್ಲಿನಿಂದ ಜಜ್ಜಿ ಬೀಜ ತೆಗೆಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ನಡೆಸಿದ್ದೆ. ನಿವೃತ್ತನಾದ ಮಾಸ್ತರನಿಗೆ ಮನೆಯಲ್ಲಿ ಖಾಲಿ ಇರುವ ಹುದ್ದೆ ಅದೊಂದೇ. ಸಂಬಳವಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೇ. ಅಂಗಳವೆಲ್ಲ ಹುಳಿ ವಾಸನೆ. ಕಲ್ಲಿನ ಏಟಿಗೆ ಒಂದು ಬೀಜ ಸಿಡಿದು ಬಂದು ನನ್ನ ಹೆಬ್ಬೆರಳಿಗೆ ತಾಗಿ ನಿಂತಿತು.

“ಅದನ್ನೇನ್ ಹಂಗ ನೋಡ್ತೀರಿ? ಇತ್ತ ಒಗೀರಿ,” ಅಂದಳು.

ಒಗೆದೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ, ನನಗೆ ಅದು ಬೀಜವಾಗಿ ಕಾಣಲಿಲ್ಲ, ಕುರಿಯಾಗಿ ಕಂಡಿತು. ಹುಲಿಕುರಿ ಆಟದ ಕುರಿ. ನಮ್ಮ ಯಲಬುರ್ಗಾದ ಮನೆಯಲ್ಲಿ ಅಂಥ ಹದಿನೈದು ಕುರಿಗಳಿದ್ದವು. ಅವುಗಳಿಗೆ ಎದುರಾಗಿ ಮೂರು ಹುಲಿಗಳು, ಅಂದರೆ ಮೂರು ಬೆಣಚುಕಲ್ಲು. ಗೆರೆ ಕೂಡುವ ಜಾಗಗಳಲ್ಲಿ ಕುರಿಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಸೇರಿ ಹುಲಿಗಳಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಕುರಿಗಳೇ ಗೆದ್ದವು. ಆಟ ಇಷ್ಟೇ. ಇಷ್ಟೇ ಆಟವನ್ನು ನಾನು ಇಪ್ಪತ್ತು ವರ್ಷ ಆಡಿಯೂ ಕಲಿಯಲಿಲ್ಲ ಎಂಬುದು ನನ್ನ ತಂದೆಯ ಖಾಯಂ ದುಃಖವಾಗಿತ್ತು.

ಅದು ನಿಜಾಮರ ಕಾಲ. ಆಚೆ ಎಲ್ಲೋ ಮಹಾಯುದ್ಧ ನಡೆದಿತ್ತು. ನಮ್ಮೂರಿಗೆ ಅದು ಸೀಮೆಎಣ್ಣೆ ಸಿಗದಿರುವ ರೂಪದಲ್ಲಿ ಮಾತ್ರ ತಲುಪಿತ್ತು. ನಾನು ಸರಕಾರಿ ಸಾಲೆಯಲ್ಲಿ ಹೊಸ ಮಾಸ್ತರ. ಮನೆಯಲ್ಲಿ ಮಾತಾಡುವ ಕನ್ನಡವನ್ನು ಹೊಸ್ತಿಲಲ್ಲಿ ಚಪ್ಪಲಿಯಂತೆ ಬಿಟ್ಟು, ಸಾಲೆಯಲ್ಲಿ ಉರ್ದುವಿನಲ್ಲಿ ಪಾಠ ಹೇಳಿ, ಸಂಜೆ ನಾಲ್ಕಕ್ಕೆ ಮನೆಗೆ ಬಂದು ಮತ್ತೆ ಕನ್ನಡ ಮೆಟ್ಟಿಕೊಳ್ಳುತ್ತಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವ್ವ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವರು ಮೂವರೇ: ಅಪ್ಪ, ನಾನು, ನನ್ನ ಹೆಂಡತಿ.

ಅಪ್ಪ ಆ ವರ್ಷ ಕುಕನೂರಿನ ಸಂತೆಯಿಂದ ಬರುವಾಗ ಚಕ್ಕಡಿಯಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಎಲುಬು ಹೇಗೋ ಕೂಡಿತು, ಕಾಲಿಗೆ ಮಾತ್ರ ಬಲ ಬರಲಿಲ್ಲ. ಗುಡಿಯ ಕಟ್ಟೆಯ ಮೇಲೆ ದಿನಕ್ಕೆ ನಾಲ್ಕು ಜನರನ್ನು ಹುಲಿಕುರಿಯಲ್ಲಿ ಸೋಲಿಸಿ ಬರುತ್ತಿದ್ದ ಮನುಷ್ಯ ಪಡಸಾಲೆಯ ಹೊರಸಿನ ಮೇಲೆ ಬಿದ್ದುಕೊಂಡ. ಮೊದಮೊದಲು ಕಟ್ಟೆಯ ಗೆಳೆಯರು ಬಂದು ಆಡಿದರು. ಜೋಳದ ಸುಗ್ಗಿ ಬಂತು, ಅವರು ಬರುವುದು ನಿಂತಿತು. ಆಮೇಲೆ ಉಳಿದವನು ನಾನು. ನನ್ನ ಕುರಿಗಳನ್ನು ಅಪ್ಪ ಹುರಿಗಡಲೆ ತಿಂದಂತೆ ತಿನ್ನುತ್ತಿದ್ದ.

“ಏ ಮಾಸ್ತರ, ನಿನ್ನ ಜೋಡಿ ಆಡೂದಕ್ಕಿಂತ ಜಮಾದಾರನ ಜೋಡಿ ಆಡೂದು ಛಲೋ,” ಅನ್ನುತ್ತಿದ್ದ.

ಜಮಾದಾರನೆಂದರೆ ನಮ್ಮ ಬೆಕ್ಕು. ಕಚೇರಿಯ ಜಮಾದಾರನಂತೆ ಕೆಲಸವಿಲ್ಲದೆ ಎಲ್ಲ ಬಾಗಿಲಲ್ಲೂ ನಿಂತು ಹೋಗುತ್ತಿದ್ದುದರಿಂದ ಆ ಹೆಸರು. ಆದರೆ ನಮ್ಮ ಮನೆಯ ಆಡಳಿತದಲ್ಲಿ ಅದಕ್ಕೊಂದು ನಿಜವಾದ ಕೆಲಸವೂ ಇತ್ತು. ನಮ್ಮ ಕಡೆ ಆಗ ಸೊಸೆಯಾದವಳು ಮಾವನ ಎದುರಿಗೆ ನಿಲ್ಲುವುದಿಲ್ಲ, ಮಾವನೊಡನೆ ಮಾತಾಡುವುದಿಲ್ಲ. ಹೆಂಗಸರು ತುಂಬಿದ ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಮಾತು ಅತ್ತೆಯ ಮೂಲಕವೋ ನಾದಿನಿಯ ಮೂಲಕವೋ ದಾಟುತ್ತದೆ. ನಮ್ಮಲ್ಲಿ ನಾನಿದ್ದಾಗ ನನ್ನ ಮೂಲಕ ದಾಟುತ್ತಿತ್ತು, ನಾನು ಸಾಲೆಗೆ ಹೋದಾಗ ಬೆಕ್ಕಿನ ಮೂಲಕ.

“ಜಮಾದಾರ, ತಂಬಿಗ್ಯಾಗ ನೀರು ತೀರ್‍ಯಾವಲ್ಲೋ,” ಎಂದು ಅಪ್ಪ ಬೆಕ್ಕಿಗೆ ಹೇಳುವುದು.

“ತರಾಕತ್ತೀನಿ ಅನ್ನು ಜಮಾದಾರ,” ಎಂದು ಒಳಗಿನಿಂದ ಅವಳು ಬೆಕ್ಕಿಗೇ ಉತ್ತರ ಕೊಡುವುದು. ಬೆಕ್ಕು ಮಲಗಿರುತ್ತಿತ್ತು. ಮರ್ಯಾದೆ ಉಳಿಯುತ್ತಿತ್ತು, ನೀರೂ ಬರುತ್ತಿತ್ತು.

ಒಂದು ಸಂಜೆ ನಾನು ಎಂದಿನಂತೆ ಸೋಲುತ್ತ ಕೂತಿದ್ದೆ. ಹೊರಸಿನ ಮೇಲೆ ಹಲಗೆ, ಹಲಗೆಯ ಮೇಲೆ ಸುಣ್ಣದಲ್ಲಿ ಎಳೆದ ಗೆರೆ. ನಾನೊಂದು ಕುರಿ ಇಡಲು ಕೈ ಚಾಚಿದೆ. ನಡುಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಗಮನ ಕೊಡದೆ ಇಟ್ಟೆ. ಹುಲಿ ತಿಂದಿತು. ಇನ್ನೊಂದು ಇಡಲು ಹೋದೆ, ಮತ್ತೆ ಬಳೆ. ಅಪ್ಪ ತಲೆಯೆತ್ತಿದ.

“ತಡಿ. ಬಳಿ ಏನೋ ಹೇಳಾಕತ್ತಾವ. ಹೋಗಿ ಕೇಳಿ ಬಾ.”

ಹೋಗಿ ಕೇಳಿದೆ. ಕುರಿ ಇಡುವ ಜಾಗ ತಪ್ಪು ಅಂದಳು. ನನ್ನ ಹೆಂಡತಿ ಹನುಮನಹಳ್ಳಿಯವಳು. ಆ ಊರ ಹೊಳೆಯ ಬದಿಯ ಬಂಡೆಗಳ ಮೇಲೆ ಯಾವ ಕಾಲದವರೋ ಹುಲಿಕುರಿಯ ಗೆರೆ ಕೆತ್ತಿಟ್ಟು ಹೋಗಿದ್ದಾರೆ. ಅವುಗಳ ಮೇಲೆ ಅಜ್ಜನೊಡನೆ ಆಡಿ ಬೆಳೆದವಳು. ಇದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಗಂಡನಾದವನಿಗೆ ಗೊತ್ತಿರಬೇಕಾದ ಎಷ್ಟೋ ವಿಷಯ ನನಗೆ ತಡವಾಗಿಯೇ ತಿಳಿದಿವೆ.

ಅಂದಿನಿಂದ ನನಗೆ ಬಡ್ತಿಯಾಗಿ, ಆಟಗಾರನ ಬದಲು ಅವಳ ಕುರಿಗಳ ವಕೀಲನಾದೆ. ಅಪ್ಪ ಹೊರಸಿನ ಮೇಲೆ. ಅವಳು ನಡುಮನೆಯ ಹೊಸ್ತಿಲಾಚೆ, ಸೆರಗು ಹಣೆಯ ಮೇಲೆಳೆದುಕೊಂಡು, ಬಾಗಿಲ ಮರೆಯಿಂದ ಹಲಗೆ ಕಾಣುವಷ್ಟೇ ಕಣ್ಣು ಚಾಚಿ. ಇಬ್ಬರ ನಡುವೆ ಎರಡು ಮಾರು ಕೂಡ ಇರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟ ಕೇಳುತ್ತಿತ್ತು. ಆದರೂ ಪ್ರತಿ ಮಾತೂ ನನ್ನ ಮೂಲಕವೇ ಹೋಗಬೇಕು.

“ಆಕಿಗೆ ಹೇಳು, ಆ ಮೂಲಿ ಕುರಿ ಹಂಗ ಬಿಟ್ರ ತಿಂತೀನಿ ಅಂತ.”

“ತಿನ್ನಲಿ ಅನ್ರಿ. ತಿಂದು ಇಳಿಯೂ ಜಾಗ ನೋಡಕೊಂಡು ತಿನ್ನಲಿ ಅನ್ರಿ.”

“ಏನಂತಾಳ?” ಎಂದು ಅಪ್ಪ, ಎಲ್ಲ ಕೇಳಿಸಿಕೊಂಡವನು, ನನ್ನನ್ನು ಕೇಳುವುದು. ನಾನು ಗಂಭೀರನಾಗಿ ಒಪ್ಪಿಸುವುದು. ಅಪ್ಪ ಆಗ ಮಾತ್ರ ನಗುವುದು.

ವಕೀಲಿಯಲ್ಲೂ ನಾನು ಹೆಸರು ಮಾಡಲಿಲ್ಲ. ಅವಳು ಹೇಳಿದ ಜಾಗ ಬಿಟ್ಟು ಪಕ್ಕದಲ್ಲಿಟ್ಟರೆ ಎರಡೂ ಕಡೆಯಿಂದ ಒಟ್ಟಿಗೆ “ಅಲ್ಲಲ್ಲ!” ಎಂಬ ಕೂಗು ಏಳುತ್ತಿತ್ತು. ಕೂಗಿದ ಮೇಲೆ ಇಬ್ಬರಿಗೂ ನಾಚಿಕೆ. ಅವಳು ಬಾಗಿಲ ಹಿಂದೆ ಸರಿಯುವಳು, ಅಪ್ಪ ಮೀಸೆ ತಿರುವುವನು. ಮಾವ ಸೊಸೆ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಆ ಹೊತ್ತುಗಳಲ್ಲಿ ಮಾತ್ರ. ಅದಕ್ಕೆ ನನ್ನ ದಡ್ಡತನ ಕಾರಣವಾಯಿತೆಂದು ಈಗ ತುಸು ಸಮಾಧಾನ ಮಾಡಿಕೊಳ್ಳುತ್ತೇನೆ. ಅಪ್ಪ ಮೂರು ಗಂಟೆಗೇ ಹಲಗೆ ಒರೆಸಿ ಹೊಸದಾಗಿ ಗೆರೆ ಎಳೆದಿಡುತ್ತಿದ್ದ. ಅವಳು ಹಿತ್ತಲ ಕೆಲಸವನ್ನೆಲ್ಲ ನಾಲ್ಕರೊಳಗೆ ಮುಗಿಸಿ ಕೈ ತೊಳೆದು ನಿಂತಿರುತ್ತಿದ್ದಳು. ತವರು ದೂರ, ಓಣಿಯ ಪರಿಚಯವಿಲ್ಲ, ಗಂಡ ನನ್ನಂಥವನು. ಅವಳಿಗೆ ದಿನದಲ್ಲಿ ತನ್ನದೆಂದು ಇದ್ದದ್ದು ಆ ಒಂದು ತಾಸು. ಅಪ್ಪನಿಗೂ ಅಷ್ಟೇ.

ಎರಡು ತಿಂಗಳು ಅಪ್ಪ ಗೆದ್ದ, ಒಮ್ಮೊಮ್ಮೆ ಕೂದಲೆಳೆಯಲ್ಲಿ. ಕೊನೆಗೊಂದು ಸಂಜೆ ಮೂರೂ ಹುಲಿಗಳು ಸಿಕ್ಕಿಬಿದ್ದವು. ಅಪ್ಪ ಹಲಗೆಯನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಆಮೇಲೆ ಬೆನ್ನು ದಿಂಬಿಗೆ ಆನಿಸಿ, ಸೊಂಟ ಮುರಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕ.

“ಭಲೇ! ಮಾಸ್ತರ, ಈ ಮನಿಗೆ ಬುದ್ಧಿ ಅನ್ನೂದನ್ನ ಹೊರಗಿಂದ ತರಿಸ್ಬೇಕಾತು ನೋಡು!”

ಬಾಗಿಲ ಹಿಂದೆ ಅವಳೂ ನಕ್ಕದ್ದು ಕೇಳಿಸಿತು. ಒಳ್ಳೆಯ ಮಾತು. ಯಾರ ಮನೆಯಲ್ಲಿ ಯಾರು ಆಡಿದ್ದರೂ ನಾನೂ ನಗುತ್ತಿದ್ದೆ. ಆದರೆ ಇಪ್ಪತ್ಮೂರು ವರ್ಷ ಆ ಮನುಷ್ಯನ ಬಾಯಿಂದ ಒಂದು ‘ಭಲೇ’ಗಾಗಿ ಕಾದವನು ನಾನು. ಪರೀಕ್ಷೆ ಪಾಸಾದಾಗ “ಹೂಂ” ಅಂದಿದ್ದ, ನೌಕರಿ ಸಿಕ್ಕಾಗ “ಹೌದೇನು” ಅಂದಿದ್ದ. ನನ್ನ ‘ಭಲೇ’ ನನ್ನ ಕೈಯಿಂದಲೇ ದಾಟಿ ಬಾಗಿಲ ಹಿಂದೆ ಹೋಯಿತು.

ಮರುದಿನ ನಾನು ಒಂದು ಕೆಲಸ ಮಾಡಿದೆ. ಅದಕ್ಕೆ ಬಹಳ ವರ್ಷ ಬೇರೆ ಬೇರೆ ಹೆಸರು ಕೊಟ್ಟುಕೊಂಡು ಬಂದಿದ್ದೇನೆ. ಸಾಲೆಯಿಂದ ದಣಿದು ಬಂದಿದ್ದೆ ಅಂದುಕೊಂಡೆ. ಗೆಳೆಯರೆಲ್ಲ ಯುದ್ಧದ ಸುದ್ದಿ ಹೇಳುತ್ತ ಕೂತಿರುವಾಗ ನಾನೊಬ್ಬ ಹುಣಸೆಬೀಜ ಸರಿಸುತ್ತಿರಬೇಕೇ ಅಂದುಕೊಂಡೆ. ಹೊಟ್ಟೆಕಿಚ್ಚು ಎಂಬ ಸರಳ ಹೆಸರು ಮಾತ್ರ ನೆನಪಾಗಲಿಲ್ಲ. ಅಡುಗೆಮನೆಗೆ ಹೋಗಿ, ಪಡಸಾಲೆಗೆ ಕೇಳದಂತೆ ಅವಳಿಗೆ ಹೇಳಿದೆ: “ಆಟ ಸಾಕಂತ. ಸೊಸಿ ಜೋಡಿ ಏನಾಟ, ಮಂದಿ ಏನಂದಾರು, ಅಂತಾನ ಅಪ್ಪ.”

ಅವಳ ಕೈ ಹಿಟ್ಟಿನಲ್ಲಿ ನಿಂತಿತು. “ನಾ ಗೆದ್ದದ್ದು ತಪ್ಪಾತೇನ್ರಿ?”

“ಹಂಗೇನಿಲ್ಲ,” ಅಂದೆ. ಹಾಗೇ ಇದೆ ಎಂದು ಅರ್ಥವಾಗುವ ಧಾಟಿಯಲ್ಲಿ.

ಹೊರಗೆ ಬಂದು ಅಪ್ಪನಿಗೂ ಮೆಲ್ಲಗೆ ಹೇಳಿದೆ: “ಆಕಿಗೆ ಕೆಲಸ ಭಾಳ ಐತಂತ. ಆಟ ಇನ್ ಸಾಕಂತ.”

“ಹೌದೇನು?” ಅಂದ ಅಪ್ಪ. ಗೆರೆ ಎಳೆದ ಹಲಗೆ ತೊಡೆಯ ಮೇಲಿತ್ತು. “ಖರೇ ಐತಿ ಬಿಡು. ಒಬ್ಬಾಕಿ ಎಷ್ಟಂತ ಮಾಡ್ಯಾಳು.”

ಹಗಲೆಲ್ಲ ಸಾಲೆಯ ಹುಡುಗರಿಗೆ ಸತ್ಯ ನುಡಿಯಬೇಕೆಂದು ಉರ್ದುವಿನಲ್ಲಿ ಬೋಧಿಸಿ, ಸಂಜೆ ಮನೆಯಲ್ಲಿ ಕನ್ನಡದಲ್ಲಿ ಎರಡು ಸುಳ್ಳು ಹೇಳಿದೆ. ಹಿಡಿಯುವವರು ಯಾರೂ ಇರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ರೊಟ್ಟಿ ತಿನ್ನುವ ಇಬ್ಬರು ಒಬ್ಬರನ್ನೊಬ್ಬರು ಏನೆಂದು ಕೇಳುವಂತಿರಲಿಲ್ಲ. ಬೆಕ್ಕಿನ ಮೂಲಕ ನೀರು ಕೇಳಬಹುದು. ಯಾಕೆ ಸಿಟ್ಟಾದಿ ಎಂದು ಕೇಳುವುದು ಹೇಗೆ?

ನಾನು ತಿಳಿದದ್ದು, ನಾಲ್ಕು ದಿನದಲ್ಲಿ ಇಬ್ಬರೂ ಮರೆಯುತ್ತಾರೆಂದು. ಅಪ್ಪ ಮರೆಯಲಿಲ್ಲ. ನನ್ನೊಡನೆ ಮೂರು ದಿನ ಆಡಿದ. ನಾಲ್ಕನೆಯ ದಿನ ಹಲಗೆಯನ್ನು ಗೋಡೆಗೆ ಆನಿಸಿಟ್ಟ. ಆದರೆ ಸಂಜೆ ನಾನು ಬಂದೊಡನೆ ದನಿ ತಗ್ಗಿಸಿ ಕೇಳುತ್ತಿದ್ದ: “ಇವತ್ತರ ಪುರಸೊತ್ತು ಐತೇನು, ಕೇಳಿ ಬಾ.” ನಾನು ಒಳಗೆ ಹೋಗುತ್ತಿದ್ದೆ. ಅವಳು ಹಿತ್ತಲಲ್ಲಿರುತ್ತಿದ್ದಳು, ಆಟ ನಿಂತ ಮೇಲೆ ಆ ಹೊತ್ತಿಗೆ ಬೇಕೆಂದೇ ಹಿತ್ತಲು ಸೇರುತ್ತಿದ್ದಳು. ನಾನು ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಕುಡಿದು, ಬಾಯಿ ಒರೆಸಿಕೊಂಡು ಬಂದು “ಇಲ್ಲಂತ” ಅನ್ನುತ್ತಿದ್ದೆ. ಬಾಯಾರಿಕೆಯಿಲ್ಲದೆ ನಾನು ಅಷ್ಟು ನೀರು ಕುಡಿದದ್ದು ಜೀವನದಲ್ಲಿ ಅದೊಂದೇ ತಿಂಗಳು.

ಒಂದೊಂದು ದಿನ ನಿಜ ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೆ ನೋಡಿ, ಮೊದಲ ದಿನ ಹೇಳಿದ್ದರೆ ಅದು ಹುಡುಗಾಟವಾಗುತ್ತಿತ್ತು. ಹತ್ತನೆಯ ದಿನ ಹೇಳಿದರೆ ಮೋಸ. ಇಪ್ಪತ್ತನೆಯ ದಿನಕ್ಕೆ ಅದಕ್ಕೆ ಏನು ಹೆಸರೆಂದು ನನಗೆ ತಿಳಿಯದಾಯಿತು. ತಿಂಗಳಾದ ಮೇಲೆ ಅಪ್ಪ ಕೇಳುವುದನ್ನು ಬಿಟ್ಟ, ನನಗೆ ಹಗುರೆನಿಸಿತು. ಇದನ್ನೂ ಹೇಳಲೇಬೇಕು, ಹಗುರೆನಿಸಿತು.

ಮಳೆಗಾಲಕ್ಕೆ ಮೊದಲೇ ಜ್ವರ ಬಂದು ಒಂದು ಮಧ್ಯಾಹ್ನ ಅಪ್ಪ ತೀರಿಕೊಂಡ. ಹಲಗೆ ಹಿಟ್ಟಿನ ಗಡಿಗೆಯ ಮೇಲೆ ಮುಚ್ಚಳವಾಯಿತು. ಹನ್ನೊಂದನೆಯ ದಿನ, ಬಂದವರೆಲ್ಲ ಹೋದ ಮೇಲೆ, ನನ್ನ ಹೆಂಡತಿ ಒಂದೇ ಮಾತು ಅಂದಳು: “ಮಾವನವ್ರು ನನ್ನ ಮ್ಯಾಲ ಸಿಟ್ಟು ಇಟಗೊಂಡೇ ಹೋದ್ರು.” ನಾನು ಏನು ಹೇಳಿದೆನೆಂದು ನೆನಪಿಲ್ಲ. ನಿಜ ಹೇಳಲಿಲ್ಲ ಎಂಬುದು ನೆನಪಿದೆ. ಅವಳು ಮತ್ತೆ ಯಾರೊಡನೆಯೂ ಆ ಆಟ ಆಡಲಿಲ್ಲ. ಮಕ್ಕಳು ಕಲಿಸೆಂದು ಕಾಡಿದಾಗ “ನಂಗ ಬರಂಗಿಲ್ಲ” ಅಂದಳು. ನಾನು ಅಲ್ಲೇ ಕೂತು ಪತ್ರಿಕೆ ಓದುತ್ತಿದ್ದೆ.

ಈಗ ನಾವು ಕೊಪ್ಪಳದಲ್ಲಿ ಮಗನ ಮನೆಯಲ್ಲಿದ್ದೇವೆ. ನನ್ನ ಸೊಸೆ ನನ್ನೊಡನೆ ನೇರವಾಗಿಯೇ ಮಾತಾಡುತ್ತಾಳೆ. ನನ್ನ ಬಗ್ಗೆ ಅವಳ ಅಭಿಪ್ರಾಯ ತಿಳಿಯಲು ನನಗೆ ವಕೀಲರು ಬೇಕಿಲ್ಲ. ಇಷ್ಟನ್ನೂ ನಿಮಗೆ ಬರೆದು ಹೇಳಿ, ಪಕ್ಕದಲ್ಲಿ ಕೂತ ಹೆಂಡತಿಗೆ ಹೇಳದೆ ಬಿಟ್ಟರೆ ನನ್ನ ನಾಚಿಕೆಗೇಡಿತನಕ್ಕೆ ಮಿತಿಯೇ ಇಲ್ಲವಾದೀತು. ಅದಕ್ಕೇ ಇವತ್ತು ಊಟಕ್ಕೆ ಮುಂಚೆ, ನಲವತ್ತು ವರ್ಷದ ಮೇಲೆ, ಅಂಗಳದಲ್ಲಿಯೇ ಅವಳಿಗೆ ಎಲ್ಲ ಹೇಳಿದೆ. ಎರಡೂ ಸುಳ್ಳು, ಕುಡಿದ ನೀರು, ಎಲ್ಲ.

ಅವಳು ಜಜ್ಜುವುದನ್ನು ನಿಲ್ಲಿಸಿ ಕೇಳಿದಳು. ಬೈಯುತ್ತಾಳೆಂದು ಕಾದೆ.

“ಒಂದಿನ ನೀವು ಸಾಲಿಗೆ ಹೋಗಿದ್ರಿ,” ಅಂದಳು. “ನಾ ತಂಬಿಗಿ ಇಡಾಕ ಪಡಸಾಲಿಗೆ ಹೋಗಿದ್ದೆ. ಮಾವನವ್ರು ಜಮಾದಾರಗ ಅಂದ್ರು, ‘ಕುರಿ ಗೆದ್ದು ಹೋದ್ವಲ್ಲೋ ಜಮಾದಾರ, ಹುಲಿ ಇನ್ನಾ ಇಲ್ಲೇ ಕುಂತಾವು’ ಅಂತ.”

ಇದು ನನಗೆ ಗೊತ್ತಿರಲಿಲ್ಲ. “ನೀ ಏನಂದಿ?”

“ಏನನ್ಲಿ? ಗೆದ್ದದ್ದಕ್ಕ ಹಂಗಿಸಾಕತ್ತಾರ ಅನ್ಕೊಂಡೆ. ಸೆರಗು ಎಳಕೊಂಡು ಒಳಗ ಬಂದೆ.” ಬೆರಳಿಗೆ ಅಂಟಿದ ಹುಣಸೆಯನ್ನು ಕಲ್ಲಿಗೆ ಒರೆಸಿದಳು. “ಕರದಿದ್ರೇನ್ರಿ ಅವ್ರು ನನ್ನ?”

“ಕರದಿದ್ದ.”

“ದಿನಾ?”

“ದಿನಾ.”

ನನಗೆ ಬರಬೇಕಾದ ಮಾತುಗಳಿಗಾಗಿ ತಲೆ ತಗ್ಗಿಸಿ ಕೂತೆ. ಅವು ಬರಲಿಲ್ಲ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

“ಹಂಗಾರ ಅವತ್ತು ನಾ ಆಡಾಕ ಹೋಗಬೇಕಾಗಿತ್ತು,” ಅಂದಳು. ಎದ್ದು, ಕೈ ತೊಳೆಯಲು ಹೋದಳು.